ಹಿಂದಿನ ಕೋಣೆಯ ನೊರೆ

ನಮ್ಮ ಅತ್ತೆಯನ್ನು ಓಣಿಯವರೆಲ್ಲ ನೊರೆಯಮ್ಮ ಎನ್ನುತ್ತಾರೆ. ಅತ್ತೆ ಅಂದರೆ ನನ್ನ ಗಂಡನ ತಾಯಿ. ಹೆಸರಿಟ್ಟವರು ಯಾರೋ ಏನೋ, ತಪ್ಪಾಗಿಯಂತೂ ಇಟ್ಟಿಲ್ಲ. ಸಂಜೆ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವರ ಮೊಣಕೈವರೆಗೂ ನೊರೆ ಒಣಗಿ ಬಿಳಿ ಪೊರೆ ಕಟ್ಟಿರುತ್ತಿತ್ತು. ಕೂದಲಲ್ಲೂ ಇರುತ್ತಿತ್ತು. "ಅತ್ತೆ, ಕಿವಿ ಹಿಂದೆ ಸ್ವಲ್ಪ ಉಳಿಸ್ಕೊಂಡಿದೀರಲ್ಲ, ನಾಳೆಗೆ ಬೇಕು ಅಂತಾನಾ?" ಎಂದು ನಾನು ರೇಗಿಸುತ್ತಿದ್ದೆ. "ನಿನ್ನ ನಾಲಿಗೆ ತೊಳೆಯೋಕೆ ಇಟ್ಟಿದೀನಿ ಕಣೆ," ಎನ್ನುತ್ತಿದ್ದರು. ನಮ್ಮಿಬ್ಬರದು ಯಾವಾಗಲೂ ಹೀಗೇ. ಜಗಳ ಅಂದುಕೊಳ್ಳುವವರು ಅಂದುಕೊಳ್ಳಲಿ.

ಅವರ ಬದುಕಿನ ಬಗ್ಗೆ ಹೇಳಹೊರಟರೆ ನಮ್ಮ ಮನೆಯ ಹಿಂದಿನ ಕೋಣೆಯನ್ನು ಬಿಟ್ಟು ಹೇಳಲು ಬರುವುದಿಲ್ಲ. ಅವರ ಅಕ್ಕ ಸತ್ತದ್ದು ಆ ಕೋಣೆಯಲ್ಲಿ. ನನ್ನ ಮಗುವನ್ನು ನಾನು ಮಲಗಿಸಿದ್ದೂ ಅದೇ ಕೋಣೆಯಲ್ಲಿ, ಅದೇ ಮೂಲೆಯಲ್ಲಿ.

ಮೊದಲು ಅವರ ಕೆಲಸದ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಊರಿನ ಕೆಳಗೆ ಹಳೇ ಗಣಿ ಇದೆ. ಮೇಲೆ ಓಣಿಗಳಿರುವ ಹಾಗೆ ಕೆಳಗೂ ಓಣಿಗಳಿವೆಯಂತೆ, ಬರೀ ಕತ್ತಲೆಯವು. ಗಣಿ ನಿಂತು ಒಂದು ತಲೆಮಾರಾಯಿತು. ಆದರೆ ಯಂತ್ರಗಳಿದ್ದ ಅಂಗಳದ ಮಣ್ಣು ಎಣ್ಣೆ ಕುಡಿದು ಕುಡಿದು ಕಪ್ಪಗೆ ಸತ್ತು ಬಿದ್ದಿತ್ತು. ಒಂದು ಹುಲ್ಲುಕಡ್ಡಿ ಹುಟ್ಟುತ್ತಿರಲಿಲ್ಲ. ಆ ಮಣ್ಣನ್ನು ತೊಳೆಯುತ್ತೇವೆ ಎಂದು ಒಂದು ಕಂಪನಿ ಬಂತು. ಮಣ್ಣಿನಿಂದ ಕೈ ತೊಳೆಯುವುದನ್ನು ನೋಡಿದ್ದೆವು, ಮಣ್ಣನ್ನೇ ತೊಳೆಯುವುದನ್ನು ಯಾರು ಕಂಡಿದ್ದರು? ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆ ನಗಲಿಲ್ಲ. ಹೋಗಿ ಕುದಿಸುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿಕೊಂಡರು.

ಕುದಿಸುವುದು ಅಂಟುವಾಳದ ಕಾಯಿಯನ್ನು. ಒಣಗಿ ಸುಕ್ಕಾದ ಕಾಯಿಗಳು ಮೂಟೆಯಲ್ಲಿ ಬರುತ್ತವೆ. ಒಡೆದು ಬೀಜ ತೆಗೆದು, ಸಿಪ್ಪೆಯನ್ನು ನೆನೆಹಾಕಿ, ದೊಡ್ಡ ಹಂಡೆಗಳಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ ಸೋಸಿದರೆ ಚಹದ ಬಣ್ಣದ ನೀರು ಸಿಗುತ್ತದೆ. ಅದನ್ನು ತೊಟ್ಟಿಯಲ್ಲಿ ಕಪ್ಪು ಮಣ್ಣಿನ ಜೊತೆ ಕಲಸುತ್ತಾರೆ. ತೊಟ್ಟಿಯ ತಳದಲ್ಲಿ ತೂತು ಕೊರೆದ ಪೈಪುಗಳಿವೆ. ಅವುಗಳಿಂದ ಗಾಳಿ ಊದಿದರೆ ನೊರೆ ಗುಡ್ಡೆಗುಡ್ಡೆಯಾಗಿ ಏಳುತ್ತದೆ, ಎಣ್ಣೆಯನ್ನೂ ಕಚ್ಚಿಕೊಂಡು ಮೇಲೆ ಬರುತ್ತದೆ. ಮೇಲಿನ ಆ ಕಪ್ಪು ನೊರೆಯನ್ನು ಹಲಗೆಯಿಂದ ಗೋರಿ ತೆಗೆದರೆ ಕೆಳಗೆ ಮಣ್ಣು ಉಳಿಯುತ್ತದೆ, ಮೂಸಿದರೆ ಮಣ್ಣಿನ ವಾಸನೆಯೇ ಬರುವ ಮಣ್ಣು.

"ಅದ್ಹೇಗೆ ಅತ್ತೆ, ಎಣ್ಣೆಗೂ ನೀರಿಗೂ ಆಗೋದೇ ಇಲ್ವಲ್ಲ?" ಎಂದು ಕೇಳಿದ್ದೆ.

"ನಿಂಗೂ ನಿನ್ನ ಗಂಡಂಗೂ ಆಗುತ್ತಾ? ಮಧ್ಯ ನಾನಿಲ್ವಾ?" ಎಂದರು. "ಇದೂ ಹಂಗೇ. ಒಂದು ಕೈಲಿ ಎಣ್ಣೆ ಹಿಡ್ಕೊಳ್ಳುತ್ತೆ, ಇನ್ನೊಂದು ಕೈಲಿ ನೀರು ಹಿಡ್ಕೊಳ್ಳುತ್ತೆ. ಇಬ್ರನ್ನೂ ಎಳ್ಕೊಂಡು ಹೊರಗೆ ಬರುತ್ತೆ."

ಮಿಕ್ಕ ನೀರಿಗೂ ಗಿರಾಕಿಗಳಿದ್ದರು. ಉಣ್ಣೆ ಗಿರಣಿಯವರು ಉಣ್ಣೆಯ ಜಿಡ್ಡು ತೆಗೆಯಲು ಒಯ್ಯುತ್ತಿದ್ದರು. ಹಣ್ಣಿನ ತೋಟದವರು ಎಲೆಗೆ ಔಷಧಿ ಅಂಟಿ ನಿಲ್ಲಲೆಂದು ಒಯ್ಯುತ್ತಿದ್ದರು. ಹಳೆಯ ರೇಷ್ಮೆ ಬಟ್ಟೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಒಬ್ಬರು ಬಂದು, ಸಾಬೂನಿಗೆ ಹರಿಯುವ ಬಟ್ಟೆ ಇದಕ್ಕೆ ಹರಿಯುವುದಿಲ್ಲ ಎಂದು ಸಣ್ಣ ಡಬ್ಬಿ ತುಂಬಿಸಿಕೊಂಡು ಹೋಗುತ್ತಿದ್ದರು. ಬೆಂದ ಸಿಪ್ಪೆ ಗೊಬ್ಬರವಾಗುತ್ತಿತ್ತು. ತಳದಲ್ಲಿ ಉಳಿದ ಒಂದು ಕ್ಯಾನು ನೀರು ಅತ್ತೆಯ ಜೊತೆ ನಮ್ಮ ಮನೆಗೆ ಬರುತ್ತಿತ್ತು, ನೆಲ ಒರೆಸಲು.

ಹಂಡೆಯ ನೀರು ಹದಕ್ಕೆ ಬಂತೋ ಇಲ್ಲವೋ ಎಂದು ನೋಡಲು ಅತ್ತೆ ಒಂದು ಸೀಸೆಗೆ ಸ್ವಲ್ಪ ಹಾಕಿ, ಕುಲುಕಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ನೊರೆ ಇಳಿಯುವಾಗ ಸಣ್ಣಗೆ ಸದ್ದಾಗುತ್ತದೆ. ಯಾರೋ ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದ ಹಾಗೆ. ಸದ್ದು ಬೇಗ ನಿಂತರೆ ನೀರು ತೆಳುವು, ಇನ್ನೂ ಕುದಿಯಬೇಕು. ನನಗೂ ಒಮ್ಮೆ ಕಿವಿಗೆ ಹಿಡಿದು ಕೇಳಿಸಿದ್ದರು. ನನಗೆ ಹಿಡಿಸಲಿಲ್ಲ. ಅರ್ಥವಾಗದ ಪಿಸುಮಾತು ಯಾರಿಗೆ ತಾನೇ ಹಿಡಿಸುತ್ತದೆ?

ಆ ನೀರಿನ ಇನ್ನೊಂದು ಮುಖವನ್ನೂ ನೋಡಿದ್ದೇನೆ. ಒಮ್ಮೆ ಶೆಡ್ಡಿನ ಕಾಲುವೆ ಒಡೆದು ನೀರು ಪಕ್ಕದ ಕೊಳಕ್ಕೆ ನುಗ್ಗಿತು. ಓಣಿಯವರೆಲ್ಲ ನೋಡಲು ಹೋದೆವು. ಕೊಳದ ತುಂಬ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ನಿಂತಿದ್ದವು. ಸತ್ತಿರಲಿಲ್ಲ. ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಅಷ್ಟು ಬಾಯಿಗಳು, ಒಂದಾದರೂ ಸದ್ದಿಲ್ಲ. "ಕಿವಿರಿಗೆ ಹತ್ತಿಕೊಂಡ್ರೆ ಉಸಿರು ಸಿಗಲ್ಲ ಅವಕ್ಕೆ," ಎಂದು ಅತ್ತೆ ಬಟ್ಟೆ ಮೇಲೆತ್ತಿ ಕಟ್ಟಿಕೊಂಡು ನೀರಿಗಿಳಿದು, ಬುಟ್ಟಿಯಲ್ಲಿ ಮೀನು ತುಂಬಿ ತುಂಬಿ ಮೇಲಿನ ಕೊಳಕ್ಕೆ ಸಾಗಿಸಿದರು. ಅಂದಿನಿಂದ ಒಂದು ಹನಿಯೂ ಆ ಕಡೆ ಹೋಗದ ಹಾಗೆ ತಾವೇ ಕಾವಲು ನಿಂತರು. ಉಸಿರಿಗಾಗಿ ಒದ್ದಾಡುವ ಜೀವವನ್ನು ಅವರು ನೋಡಿ ಸುಮ್ಮನಿರುವವರಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಈಗ ಅವರ ಅಕ್ಕನ ವಿಷಯ. ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಹೊಲಿಗೆ ಯಂತ್ರ ತುಳಿದು ಸಾಕಿದವರು. ಮದುವೆ ಗಿದುವೆ ಅಂತ ತಲೆಕೆಡಿಸಿಕೊಂಡವರಲ್ಲ. ಗಟ್ಟಿ ಹೆಂಗಸು, ಅದಕ್ಕಿಂತ ಗಟ್ಟಿ ಗೊರಕೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಸದ್ದಿಗೆ ಹೆದರಿ ಗಂಡನನ್ನು ಎಬ್ಬಿಸಿದ್ದೆ. "ದೊಡ್ಡಮ್ಮ ಕಣೇ, ಅಭ್ಯಾಸ ಮಾಡ್ಕೊ," ಎಂದು ಅವನು ಮಗ್ಗುಲು ಬದಲಿಸಿದ್ದ. ಅತ್ತೆಗೋ ಆ ಸದ್ದಿಲ್ಲದೆ ನಿದ್ದೆಯೇ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿಕೆಯಾದಾಗ ಅಕ್ಕನ ಬೆನ್ನ ಮೇಲೆ ಕೈಯಿಟ್ಟು, ಉಸಿರು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಮಲಗುತ್ತಿದ್ದರಂತೆ.

ದೊಡ್ಡತ್ತೆಗೆ ಬೆನ್ನುನೋವು. ಮಂಚ ಬೇಡ ಎಂದು ಹಿಂದಿನ ಕೋಣೆಯ ನೆಲದ ಮೇಲೆ ತೆಳು ಹಾಸಿಗೆ ಹಾಕಿ, ಕಿಟಕಿ ಮುಚ್ಚಿ, ಕಾಲಬುಡದಲ್ಲಿ ಬೆಕ್ಕನ್ನು ಮಲಗಿಸಿಕೊಂಡು ಮಲಗುತ್ತಿದ್ದರು. ಚಳಿ ಶುರುವಾದಾಗ, ಗಾಳಿಮಳೆಯ ಮರುದಿನ ಬೆಳಗ್ಗೆ ಅವರು ಏಳಲಿಲ್ಲ. ಅತ್ತೆಗೆ ಎಚ್ಚರವಾದದ್ದು ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ. ಹೋಗಿ ನೋಡಿದರೆ ಅಕ್ಕ ಮಲಗಿದ ಹಾಗೇ ಇದ್ದರು. ಬೆಕ್ಕೂ ಕಾಲಬುಡದಲ್ಲಿ ಮಲಗಿದ ಹಾಗೇ ಸತ್ತಿತ್ತು. ಡಾಕ್ಟರು ಹೃದಯ ನಿಂತಿದೆ ಎಂದರು. ಒಡತಿಯ ಜೊತೆ ಬೆಕ್ಕೂ ಹೋಯಿತಲ್ಲ, ಎಂಥ ಪ್ರೀತಿ ನೋಡಿ ಎಂದು ಬಂದವರೆಲ್ಲ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಬೆಕ್ಕುಗಳು ಹಾಗೆಲ್ಲ ಸಾಯುತ್ತವೆಯೇ ಎಂದು ಒಬ್ಬರಾದರೂ ಕೇಳಲಿಲ್ಲ.

ಅತ್ತೆ ಅಳಲಿಲ್ಲ. ಅದೇ ನನಗೆ ದಿಗಿಲು. ಮಣ್ಣು ಮಾಡಿ ಬಂದ ಮರುದಿನ ಆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ನೆಲ ಒರೆಸಿದರು. ಹೊರಗೆ ಬಂದಾಗ ಮುಖ ಬೇರೆಯೇ ಆಗಿತ್ತು. ಕಳೆದುಕೊಂಡದ್ದನ್ನು ಮತ್ತೆ ಕಂಡವರ ಮುಖ. ಅಲ್ಲಿಂದ ಮುಂದೆ ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕ್ಯಾನು ಹಿಡಿದು ಆ ಕೋಣೆಗೆ ಹೋಗಿ ಬರುವುದು ರೂಢಿಯಾಯಿತು. ಒಳಗೆ ಮಾತು ಕೇಳಿಸುತ್ತಿತ್ತು. ಒಬ್ಬರದೇ ಮಾತು, ನಡುವೆ ಬಿಡುವು, ಮತ್ತೆ ಮಾತು. ಆಚೆ ಕಡೆಯವರ ಉತ್ತರ ಕೇಳಿಸಿಕೊಂಡು ಮಾತಾಡುವವರ ಬಿಡುವು ಅದು.

ತಡೆಯಲಾರದೆ ಒಂದು ಬೆಳಗ್ಗೆ ಬಾಗಿಲು ತಳ್ಳಿದೆ. ಆಗ ನಾನು ತುಂಬು ಬಸುರಿ. ಅತ್ತೆ ಕಿಟಕಿ ತೆರೆದು, ಸ್ಟೂಲಿನ ಮೇಲೆ ಕೂತು, ದೊಡ್ಡತ್ತೆ ಮಲಗುತ್ತಿದ್ದ ಮೂಲೆಯನ್ನೇ ನೋಡುತ್ತಿದ್ದರು. ಅಲ್ಲಿ ಸಿಮೆಂಟು ನೆಲದಲ್ಲಿ ಉದ್ದಕ್ಕೆ ಒಂದು ಬಿರುಕು. ಬಿರುಕಿನ ಮೇಲೆ ಅಂಟುವಾಳದ ನೀರು. ನೀರಿನಲ್ಲಿ ಒಂದು ಗುಳ್ಳೆ ಎದ್ದಿತು. ಊದಿಕೊಂಡಿತು. ಸ್ವಲ್ಪ ಹೊತ್ತು ನಿಂತು ಇಳಿಯಿತು. ಅದರ ಪಕ್ಕದಲ್ಲೇ ಇನ್ನೊಂದು ಎದ್ದಿತು. ಯಾರೂ ಕಲಕುತ್ತಿರಲಿಲ್ಲ. ಗಾಳಿ ಬೀಸುತ್ತಿರಲಿಲ್ಲ. ನೆಲದ ಕೆಳಗೆ ಯಾರೋ ಮಲಗಿ, ಬಿರುಕಿಗೆ ಬಾಯಿಟ್ಟು ನಿಧಾನಕ್ಕೆ ಉಸಿರು ಬಿಡುತ್ತಿದ್ದ ಹಾಗಿತ್ತು.

"ಏನತ್ತೆ ಇದು!" ಎಂದೆ.

"ಕೂಗಬೇಡ್ವೆ, ಅಕ್ಕ ಮಲಗಿದಾಳೆ," ಎಂದರು. ಎಷ್ಟು ಸಹಜವಾಗಿ ಹೇಳಿದರೆಂದರೆ, ಉಪ್ಪು ಡಬ್ಬಿ ಎಲ್ಲಿದೆ ಎಂದು ಹೇಳಿದ ಹಾಗೆ. "ಬಿಸಿಲಿದ್ದ ದಿನ ಉಸಿರು ಒಳಗೆ ಎಳ್ಕೋತಾಳೆ, ಹಾಕಿದ ನೀರನ್ನೆಲ್ಲ ಕುಡಿದುಬಿಡ್ತಾಳೆ. ಮೋಡ ಮುಚ್ಚಿದ ದಿನ ಬಿಡ್ತಾಳೆ. ಮೋಡ ಇದ್ರೆ ಅವಳಿಗೆ ಯಾವಾಗ್ಲೂ ಎದೆ ಭಾರ ಅಲ್ವಾ? ಮರೆತುಬಿಟ್ಯಾ?"

ನಾನು ಮರೆತಿರಲಿಲ್ಲ. ಮೋಡ ಕವಿದ ದಿನ ದೊಡ್ಡತ್ತೆ ಎದೆ ನೀವಿಕೊಳ್ಳುತ್ತಿದ್ದದ್ದು ನಿಜ. ಅದು ನಿಜವಾಗಿದ್ದರಿಂದಲೇ ನನಗೆ ಇನ್ನಷ್ಟು ಭಯವಾಯಿತು.

ಗಂಡನಿಗೆ ಹೇಳಿದೆ. ಅವನು ಅದೇ ಅಂಗಳದಲ್ಲಿ ಮಣ್ಣಿನ ಲಾರಿ ಓಡಿಸುವವನು. ಮಹಾ ಧೈರ್ಯವಂತನ ಹಾಗೆ ಹೋಗಿ ಇಣುಕಿದ. ಆ ದಿನ ಬಿಸಿಲಿತ್ತು, ನೆಲ ನೀರು ಕುಡಿದು ಒಣಗಿತ್ತು. "ಹಳೇ ನೆಲ, ನೀರು ಇಂಗುತ್ತೆ. ಅಮ್ಮಂಗೆ ದುಃಖ. ನಿಂಗೆ ಬಸುರಿ ಭ್ರಮೆ," ಎಂದು ಒಂದೇ ಉಸಿರಿನಲ್ಲಿ ಮೂವರ ವಿಚಾರಣೆ ಮುಗಿಸಿ ಊಟಕ್ಕೆ ಕೂತ. ಇಂಥವರ ಜೊತೆ ಸಂಸಾರ ಮಾಡುವವರಿಗೆ ದೆವ್ವದ ಹೆದರಿಕೆ ಇರಬಾರದು.

ದಿನ ಕಳೆದ ಹಾಗೆ ನನಗೂ ಅದು ರೂಢಿಯಾಯಿತು, ಅದೇ ಆಶ್ಚರ್ಯ. ಬೆಳಗಾದರೆ ಅತ್ತೆ ಒಳಗೆ ಹೋಗಿ ಅಕ್ಕನಿಗೆ ಊರ ಸುದ್ದಿಯೆಲ್ಲ ಒಪ್ಪಿಸುತ್ತಿದ್ದರು. ನಾನು ಇತ್ತ ಒಲೆಯ ಮುಂದೆ ನಿಂತು, "ನನ್ನ ಮೇಲಿನ ಚಾಡಿ ಮುಗೀತಾ, ಕಾಫಿ ಆರುತ್ತೆ," ಎಂದು ಕೂಗುತ್ತಿದ್ದೆ. ಹೊರಬಂದಾಗ ಅತ್ತೆ ಹಣೆ ಒತ್ತಿಕೊಳ್ಳುತ್ತಿದ್ದರು. ತಲೆನೋವು. ಶೆಡ್ಡಿನ ಹೊಗೆ ಎನ್ನುತ್ತಿದ್ದರು. ಆ ಕೋಣೆಯ ನೆಲದಲ್ಲಿ ನೊಣಗಳು ಸತ್ತು ಬಿದ್ದಿರುತ್ತಿದ್ದವು. ಗೋಡೆಯ ಮೇಲಿದ್ದವು ಮಾತ್ರ ಬದುಕಿರುತ್ತಿದ್ದವು. ಪಕ್ಕದ ಮನೆಯ ನಾಯಿ ಹಿತ್ತಲಿನಿಂದ ನಮ್ಮ ಅಡುಗೆಮನೆವರೆಗೂ ಬರುತ್ತಿತ್ತು, ಆ ಕೋಣೆಯ ಹೊಸ್ತಿಲಲ್ಲಿ ಮಾತ್ರ ನಿಂತುಬಿಡುತ್ತಿತ್ತು. ರೊಟ್ಟಿ ಎಸೆದರೂ ಒಳಗೆ ಬರುತ್ತಿರಲಿಲ್ಲ.

ಮಗು ಹುಟ್ಟಿತು. ಹೆಣ್ಣು. ದೊಡ್ಡತ್ತೆಯದೇ ಮೂಗು, ಗೊರಕೆಗೆ ಹೇಳಿ ಮಾಡಿಸಿದ್ದು. ಮುಂದಿನ ಕೋಣೆಯಲ್ಲಿ ಲಾರಿಗಳ ಧೂಳು. ಬಾಗಿಲು ಮುಚ್ಚಿದರೂ ಬರುತ್ತಿತ್ತು. ಮಗು ಕೆಮ್ಮತೊಡಗಿತು. ಹಿಂದಿನ ಕೋಣೆ ಒಂದೇ ಧೂಳಿಲ್ಲದ ಜಾಗ. ಬೇಡ ಬೇಡ ಎನ್ನುತ್ತಿತ್ತು ಮನಸ್ಸು. ಕೆಮ್ಮು ಕೇಳಿದಾಗಲೆಲ್ಲ ಮನಸ್ಸನ್ನೇ ಬೈದುಕೊಳ್ಳುತ್ತಿದ್ದೆ.

"ಅಲ್ಲಿ ಮಲಗಿಸೆ," ಎಂದರು ಅತ್ತೆ. "ಹೆದರಿಕೆ ಯಾಕೆ? ನನ್ನನ್ನೇ ಸಾಕಿದೋಳು. ನಿನ್ನ ಮಗಳನ್ನ ನೋಡ್ಕೊಳ್ಳಲ್ವಾ? ಮಂಚ ಬೇಡ, ಉರುಳಿ ಬಿದ್ದೀತು. ಕೆಳಗೇ ಹಾಸು, ಅಕ್ಕನ ಮೂಲೇಲಿ."

ಪ್ರೀತಿಯಿಂದ ಹೇಳಿದ ಮಾತು. ಅದಕ್ಕಿಂತ ಕೆಟ್ಟ ಮಾತನ್ನು ಯಾರೂ ನನಗೆ ಹೇಳಿಲ್ಲ.

ಆ ದಿನ ಬೆಳಗಿನಿಂದಲೇ ಆಕಾಶ ಕಪ್ಪಿಟ್ಟು ಕೆಳಗೆ ಇಳಿದು ಬಂದಿತ್ತು. ಗಾಳಿ ಸತ್ತು ಬಿದ್ದಿತ್ತು. ಕಿವಿಯೊಳಗೆ ಏನೋ ಒತ್ತಿದ ಹಾಗಾಗುತ್ತಿತ್ತು. ಮಧ್ಯಾಹ್ನ ಮಗುವಿಗೆ ಹಾಲೂಡಿಸಿ, ಹಿಂದಿನ ಕೋಣೆಯ ಮೂಲೆಯಲ್ಲಿ ದಪ್ಪ ಹಾಸಿಗೆ ಹಾಸಿ ಮಲಗಿಸಿದೆ. ಬಿರುಗಾಳಿ ಬಂದರೆ ಎಂದು ಕಿಟಕಿ ಮುಚ್ಚಿದೆ. ಕರೆಂಟು ಹೋಯಿತು. ಮೋಂಬತ್ತಿ ಹಚ್ಚಿ ಹಾಸಿಗೆಯ ಪಕ್ಕದ ನೆಲದ ಮೇಲಿಟ್ಟೆ. ಉರಿ ಸಣ್ಣದಾಯಿತು, ಬತ್ತಿಯನ್ನು ಬಿಟ್ಟು ಮೇಲೆದ್ದ ಹಾಗಾಯಿತು, ಆರಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು. ಬಾಗಿಲು ಮುಚ್ಚಿತ್ತು, ಗಾಳಿಯ ಸುಳಿವೇ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟೆ, ನೆಟ್ಟಗೆ ಉರಿಯಿತು. "ಹಾಳಾದ ಮೋಂಬತ್ತಿ," ಎಂದು ಬೈದು, ಹಗ್ಗದ ಮೇಲಿನ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ.

ಗಣಿಯ ಅಂಗಳದಲ್ಲಿ ಕೆಲಸ ನಿಲ್ಲಿಸಿದ್ದರು. ಬಿರುಗಾಳಿಗೆ ನೊರೆ ಹಾರಿ ರಸ್ತೆಗೆಲ್ಲ ಬರುತ್ತದೆ ಎಂದು ಊದುವ ಯಂತ್ರ ಬಂದ್ ಮಾಡಿ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಅತ್ತೆ ಯಾವಾಗ ಬಂದರೋ ನನಗೆ ತಿಳಿಯಲಿಲ್ಲ. ನಾನು ಬಟ್ಟೆ ಹೊತ್ತು ಒಳಗೆ ಬಂದಾಗ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಅತ್ತೆ ನೀರು ಸುರಿದ ಖಾಲಿ ಕ್ಯಾನು ಹಿಡಿದು ಗೋಡೆಗೊರಗಿ ನಿಂತಿದ್ದರು. ಮುಖದ ತುಂಬ ನಗು.

"ನೋಡೇ," ಎಂದರು ಮೆಲ್ಲಗೆ. "ಅಕ್ಕಂಗೆ ಮಗು ಬಂದಿದ್ದು ಗೊತ್ತಾಗಿದೆ ಕಣೆ."

ನೋಡಿದೆ. ಬಿರುಕಿನ ಉದ್ದಕ್ಕೂ ನೊರೆ ಏಳುತ್ತಿತ್ತು. ಒಂದು ಗುಳ್ಳೆ, ಎರಡು ಗುಳ್ಳೆಯಲ್ಲ. ಬೆಳ್ಳಗೆ ದಟ್ಟವಾಗಿ, ಬಿಡುವಿಲ್ಲದೆ ಏಳುತ್ತಿತ್ತು. ಹಾಸಿಗೆಯ ಅಂಚು ಮುಟ್ಟಿ, ಮಡಿಚಿದ ಚಾದರವನ್ನು ಹತ್ತಿ, ಮಗುವಿನ ಕಾಲ್ಬೆರಳುಗಳ ಮೇಲೆ ಬಂದು ಕೂತಿತ್ತು. ಮಗು ಅಲುಗಾಡುತ್ತಿರಲಿಲ್ಲ. ಕಾಲಿಗೆ ತಣ್ಣನೆಯ ನೊರೆ ತಾಗಿದರೂ ಅಲುಗಾಡದ ಮಗು ಎಲ್ಲಾದರೂ ಉಂಟೇ? ಕೋಣೆಯಲ್ಲಿ ಒಂದೇ ಸದ್ದು, ನೊರೆಯ ಪಿಸುಮಾತು. ಸೀಸೆಯಲ್ಲಿ ಕೇಳಿದ್ದ ಅದೇ ಪಿಸುಮಾತು, ಇಡೀ ಕೋಣೆಯ ಅಗಲಕ್ಕೆ.

ಅತ್ತೆ ಅಭ್ಯಾಸದಂತೆ ತಲೆ ವಾಲಿಸಿ ಕಿವಿಗೊಟ್ಟರು. ನಾನು ನೋಡುತ್ತಿದ್ದ ಹಾಗೇ ಅವರ ನಗು ನಿಂತಿತು. ತುಟಿ ಮಾತ್ರ ನಗುವಿನ ಆಕಾರದಲ್ಲಿ ಉಳಿಯಿತು.

"ಅಕ್ಕ ನಡುವೆ ನಿಲ್ಲಿಸ್ತಾಳೆ," ಎಂದರು. "ಉಸಿರು ಅಂದ್ರೆ ನಡುವೆ ನಿಲ್ಲುತ್ತೆ. ಇದು ನಿಲ್ತಿಲ್ಲ." ಮರುಕ್ಷಣ ಅವರ ಗಂಟಲಿನಿಂದ ಬಂದ ಕೂಗು ನಾನು ಹಿಂದೆಂದೂ ಕೇಳಿದ್ದಲ್ಲ. "ಅಯ್ಯೋ, ಇದು ಪೈಪು ಕಣೆ! ಕೆಳಗಿಂದ ಊದ್ತಾ ಇದೆ! ಅಕ್ಕ ಅಲ್ಲ ಇದು!"

ದಿನವಿಡೀ ತೊಟ್ಟಿಯ ಮುಂದೆ ನಿಲ್ಲುವವರು. ತಳದಿಂದ ಗಾಳಿ ಊದಿದರೆ ನೊರೆ ಹೇಗೆ ಏಳುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರು ನೋಡಿದ್ದಾರೆ? ಆದರೂ ಇಷ್ಟು ದಿನ ನೋಡಿರಲಿಲ್ಲ. ನೋಡಲು ಮನಸ್ಸಿರಲಿಲ್ಲ. ಕ್ಯಾನು ಎಸೆದು, ನೊರೆಯೊಳಗೆ ಬಗ್ಗಿ, ಬುಟ್ಟಿಯಲ್ಲಿ ಮೀನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಮಗುವನ್ನು ಬಾಚಿ ಎತ್ತಿಕೊಂಡು ನನ್ನನ್ನು ತಳ್ಳಿಕೊಂಡೇ ಬೀದಿಗೆ ಓಡಿದರು. ನಾನು ಹಿಂದೆ ಓಡಿದೆ.

ಮಗುವಿನ ತುಟಿ ನೇರಳೆ ಬಣ್ಣವಾಗಿತ್ತು. ಕತ್ತು ಜೋತು ಬಿದ್ದಿತ್ತು. ಅತ್ತೆ ರಸ್ತೆಯ ಮಧ್ಯೆ ಮಂಡಿಯೂರಿ ಅದನ್ನು ಬೋರಲು ಹಿಡಿದು ಬೆನ್ನು ಉಜ್ಜಿದರು, ತಿರುಗಿಸಿ ಬಾಯಿಗೆ ಬಾಯಿಟ್ಟು ಊದಿದರು, ಮತ್ತೆ ಉಜ್ಜಿದರು. "ಉಸಿರಾಡೇ ನನ್ನಮ್ಮ, ಉಸಿರಾಡೇ," ಎನ್ನುತ್ತಿದ್ದರು. ನನಗೆ ಯಾವ ದೇವರ ಹೆಸರೂ ನೆನಪಿಗೆ ಬರಲಿಲ್ಲ. ಮೊದಲ ಹನಿ ಬಿತ್ತು, ಅತ್ತೆಯ ಕೈಯ ಮೇಲೆ ಒಣಗಿದ್ದ ನೊರೆ ಕರಗಿತು. ಆಗ ಮಗು ಒಮ್ಮೆ ಬಿಕ್ಕಿತು. ಆಮೇಲೆ ಅತ್ತಿತು. ಅದರ ಅಳು ಕೇಳಿ ನಾನು ರಸ್ತೆಯಲ್ಲೇ ಕುಸಿದು ಕೂತೆ, ಮಳೆಯಲ್ಲಿ ನೆನೆಯುತ್ತ ಅದಕ್ಕಿಂತ ಜೋರಾಗಿ ಅಳತೊಡಗಿದೆ.

ಮರುದಿನ ಕಂಪನಿಯಿಂದ ಗಾಳಿ ಪರೀಕ್ಷೆ ಮಾಡುವ ಹೆಂಗಸು ಬಂದಳು. ಅತ್ತೆ ಅವಳನ್ನು ಮೀಟರಮ್ಮ ಎಂದೇ ಕರೆಯುವುದು. ಅವಳು ಹಿಂದಿನ ಕೋಣೆಯ ಹೊಸ್ತಿಲಲ್ಲಿ ನಿಂತು, ಮೀಟರನ್ನು ದಾರಕ್ಕೆ ಕಟ್ಟಿ ನೆಲದವರೆಗೆ ಇಳಿಬಿಟ್ಟಳು. ಎದೆಯೆತ್ತರದಲ್ಲಿ ಸುಮ್ಮನಿದ್ದ ಮೀಟರು ಮಂಡಿಗಿಂತ ಕೆಳಗೆ ಹೋದ ಕೂಡಲೇ ಚೀರಿಕೊಂಡಿತು.

ಹೊರಗೆ ಬಂದು ನಿಧಾನಕ್ಕೆ ಹೇಳಿದಳು. ಹಳೇ ಗಣಿಯ ಓಣಿಗಳಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನಮ್ಮ ಗಾಳಿಗಿಂತ ಭಾರ, ಅದಕ್ಕೇ ನೆಲ ಹಿಡಿದು ಮಲಗುತ್ತದೆ. ಬಿಸಿಲು ಬಿದ್ದು ಹವೆ ಒತ್ತಿದ ದಿನ ಭೂಮಿ ಒಳಗೆ ಎಳೆದುಕೊಳ್ಳುತ್ತದೆ. ಬಿರುಗಾಳಿಗೆ ಮುಂಚೆ ಹವೆಯ ಭಾರ ಕಡಿಮೆಯಾದಾಗ ಹೊರಗೆ ಬಿಡುತ್ತದೆ. "ನಾವೂ ಪೈಪು ಸೋರುತ್ತಾ ಅಂತ ನೋಡೋಕೆ ನಿಮ್ಮ ನೊರೆ ನೀರನ್ನೇ ಹಚ್ಚೋದು ಅಮ್ಮಾ," ಎಂದಳು. "ಸೋರುವ ಕಡೆ ಗುಳ್ಳೆ ಬರುತ್ತೆ. ನಿಮ್ಮ ಮನೇಲೂ ಅದೇ ಆಗಿದ್ದು."

"ಹಳೇ ಗಣಿ ಹಿಂದೇನೂ ಇತ್ತಲ್ಲ. ಆಗ ಯಾಕೆ ಬರಲಿಲ್ಲ?" ಎಂದು ನಾನು ಕೇಳಿದೆ.

ಅವಳು ನೆಲ ನೋಡಿದಳು. ಕೆಲಸ ಶುರು ಮಾಡುವ ಮುಂಚೆ ಗಣಿಯ ಬಾಯಿಗೆ ಕಾಂಕ್ರೀಟು ಹಾಕಿ ಮುಚ್ಚಿದ್ದರಂತೆ, ದನಕರು ಬೀಳಬಾರದೆಂದು. ಇಷ್ಟು ವರ್ಷ ಆ ಬಾಯಿಂದ ಆಡುತ್ತಿದ್ದ ಗಾಳಿ ಬೇರೆ ದಾರಿ ಹುಡುಕಿಕೊಂಡಿತು. "ನಾವು ಮನೆಮನೆಗೂ ಬಂದು ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನಮ್ಮದೇ," ಎಂದಳು. ನನಗೆ ರೇಗಿ ಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ನಿಂತು ಕೇಳಿಸಿಕೊಂಡಳು.

ಅತ್ತೆ ಬಾಯಿ ಬಿಟ್ಟದ್ದು ಆಮೇಲೆ. "ಬಾಯಿ ಮುಚ್ಚಿದ್ದು ಯಾವಾಗ?"

"ಹೋದ ವರ್ಷ. ಚಳಿ ಶುರುವಾಗೋ ಮುಂಚೆ."

ಓಣಿಯಲ್ಲಿ ಲಾರಿಯೊಂದು ಹಾದು ಹೋಯಿತು. ಅತ್ತೆ ಕೈ ನೋಡಿಕೊಂಡರು. ತೆಳು ಹಾಸಿಗೆ, ಮುಚ್ಚಿದ ಕಿಟಕಿ, ಗಾಳಿಮಳೆ, ಕಾಲಬುಡದ ಬೆಕ್ಕು. ನಾನು ಯೋಚಿಸುತ್ತಿದ್ದದ್ದನ್ನೇ ಅವರೂ ಯೋಚಿಸುತ್ತಿದ್ದರು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬೇರೆ ಏನಾದರೂ ಹೇಳಿ ಆ ಯೋಚನೆಯನ್ನು ತಪ್ಪಿಸೋಣ ಎಂದುಕೊಂಡೆ.

"ನನ್ನ ಅಕ್ಕನ್ನ ಕೊಂದಿದ್ದು ಅದು," ಎಂದರು. "ದಿನಾ ಬೆಳಗ್ಗೆ ಎದ್ದು ಅದನ್ನ ಮಾತಾಡಿಸ್ತಿದ್ದೆ ಕಣೆ. ಊಟ ಆಯ್ತಾ ಅಂತ ಕೇಳ್ತಿದ್ದೆ."

ಅವರ ತಲೆಯನ್ನು ಎದೆಗೊರಗಿಸಿಕೊಂಡೆ. ಅಷ್ಟು ವರ್ಷದಲ್ಲಿ ಮೊದಲ ಸಲ. ಅವರು ಅಳಲಿಲ್ಲ. ಅಂಟುವಾಳದ ವಾಸನೆ ಬರುತ್ತಿತ್ತು.

ಕಂಪನಿಯವರು ಬಂದು ಕೋಣೆಯ ನೆಲ ಅಗೆದು, ಬಿರುಕಿನ ಬಾಯಿಂದ ಒಂದು ದಪ್ಪ ಪೈಪು ಎಳೆದು ಚಾವಣಿಯ ಮೇಲಕ್ಕೆ ಬಿಟ್ಟರು. ಗಣಿಯ ಬಾಯಿಗೂ ಅಂಥದ್ದೇ ಪೈಪು ಹಾಕಿದರು. ಓಣಿಯ ಎಲ್ಲ ಮನೆಗಳ ನೆಲಕ್ಕೂ ಅಂಟುವಾಳದ ನೀರು ಸುರಿದು ನೋಡಿದರು. ಸುರಿದದ್ದು ಅತ್ತೆಯೇ. ಮನೆಮನೆಗೂ ಹೋಗಿ, ಮೂಲೆಮೂಲೆಗೂ ಬಗ್ಗಿ, ಯಾರ ಜೊತೆಯೂ ಮಾತಿಲ್ಲದೆ ಸುರಿದರು. ಎರಡು ಮನೆಗಳಲ್ಲಿ ಗುಳ್ಳೆ ಎದ್ದವು. ಅದರಲ್ಲೊಂದು ಮನೆಯ ಅಜ್ಜ ನೆಲದ ಮೇಲೇ ಮಲಗುವವರು. ಅಜ್ಜ ಎಷ್ಟು ಬೈದರೂ ಕೇಳದೆ ಅತ್ತೆ ಅವರ ಹಾಸಿಗೆ ಸುತ್ತಿ ಬೀದಿಗೆ ಎಸೆದರು.

ಕೊನೆಗೆ ನಮ್ಮ ಕೋಣೆ. ಹೊಸ ಸಿಮೆಂಟು ಒಣಗಿತ್ತು. ಹೊರಗೆ ಮೋಡ ಕವಿದಿತ್ತು, ಬಿರುಗಾಳಿಯ ಮುಂಚಿನ ಅದೇ ಕಪ್ಪು ಮೋಡ. ನಾನು ಮಗುವನ್ನೆತ್ತಿಕೊಂಡು ಗಂಡನ ಜೊತೆ ಹೊಸ್ತಿಲಾಚೆ ನಿಂತೆ. ಅತ್ತೆ ಅಕ್ಕನ ಮೂಲೆಗೆ ಕ್ಯಾನಿನ ನೀರೆಲ್ಲ ಸುರಿದು, ಪಕ್ಕದಲ್ಲಿ ನೆಲದ ಮೇಲೇ ಕೂತರು. ಸ್ಟೂಲು ಹಾಕಿಕೊಳ್ಳಲಿಲ್ಲ. ಬಗ್ಗಿ ಕಿವಿಗೊಟ್ಟರು.

ಚಹದ ಬಣ್ಣದ ನೀರು ಸುಮ್ಮನೆ ಬಿದ್ದುಕೊಂಡಿತ್ತು. ಕಿಟಕಿಯ ಬೆಳಕು ಅದರಲ್ಲಿ ಅಲುಗಾಡಲಿಲ್ಲ. ಎಷ್ಟು ಹೊತ್ತು ಕಾದರೂ ಒಂದು ಗುಳ್ಳೆಯೂ ಏಳಲಿಲ್ಲ. ಚಾವಣಿಯ ಮೇಲಿನ ಪೈಪಿನ ಬಾಯಲ್ಲಿ ಮಾತ್ರ ಸಣ್ಣಗೆ ಹೂಂ ಎಂಬ ಸದ್ದಿತ್ತು. ಅತ್ತೆ ಒಮ್ಮೆಯೂ ಆ ಕಡೆ ತಲೆಯೆತ್ತಿ ನೋಡಲಿಲ್ಲ.

ಇಡೀ ವರ್ಷ ಅವರ ಬಾಯಲ್ಲಿ ಬಾರದಿದ್ದ ಮಾತು ಆಗ ಬಂತು.

"ಅಕ್ಕ ಸತ್ತೋದ್ಲು ಕಣೆ," ಎಂದರು, ನನಗೆ ಗೊತ್ತಿಲ್ಲದ ಸುದ್ದಿಯನ್ನು ಹೇಳುವವರ ಹಾಗೆ. ಹೇಳಿ, ಆ ನೀರಿನಲ್ಲೇ ಅಂಗೈ ಊರಿ, ಈಗಷ್ಟೇ ಸುದ್ದಿ ಬಂದವರಂತೆ ಅಳತೊಡಗಿದರು. ಮಗುವನ್ನು ಹೊಸ್ತಿಲಾಚೆ ಗಂಡನ ಕೈಗೆ ಕೊಟ್ಟು ನಾನು ಒಳಗೆ ಹೋದೆ.